ಪುಸ್ತಕದಲ್ಲಿಲ್ಲದ ಮಾತು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಒಂದು ಗೋಡೆಗೆ ದೊಡ್ಡ ದೊಡ್ಡ ಮೆಷಿನ್ನು, ಇನ್ನೊಂದು ಗೋಡೆಗೆ ಇಸ್ತ್ರಿ ಮೇಜು, ಬಾಗಿಲ ಪಕ್ಕ ಒಂದು ಹೊಲಿಗೆ ಮೆಷಿನ್ನು. ಆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಹರಿದ ಹೊದಿಕೆಗಳಿಗೆ ತೇಪೆ ಹಾಕುವವಳನ್ನು ಅಲ್ಲಿ ಎಲ್ಲರೂ ಕರೆಯುವುದು ಗುಮಾನಿಯಕ್ಕ ಅಂತ. ಅವಳಿಗೆ ಬೇಜಾರಿಲ್ಲ. ಇದ್ದದ್ದನ್ನೇ ಕರೆಯುತ್ತಾರೆ.

ಗುಮಾನಿ ಅವಳಿಗೆ ಹುಟ್ಟಿನಿಂದ ಬಂದದ್ದು. ತರಕಾರಿಯವನ ತಕ್ಕಡಿ ನಂಬುವುದಿಲ್ಲ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅಂಗಡಿಯವನಿಗೆ ತೋರಿಸಿ, ಅಂಗಡಿಯವನು ಹೇಳಿದ್ದನ್ನು ಮತ್ತೆ ಡಾಕ್ಟರಿಗೆ ಹೇಳಿ, ಆಮೇಲೆ ನುಂಗುತ್ತಾಳೆ. ಮೇಲ್ವಿಚಾರಕ ಎಂದಾದರೂ ಸುಮ್ಮನೆ ನಕ್ಕರೆ, "ಏನು ಬೇಕು, ನೇರ ಹೇಳಿ" ಅನ್ನುತ್ತಾಳೆ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟರೆ, ಕೂರುವ ಮುಂಚೆ ಸೀಟು ಮುಟ್ಟಿ ನೋಡುತ್ತಾಳೆ.

ಇಡೀ ಜೀವಮಾನದಲ್ಲಿ ಅವಳು ಕಣ್ಣು ಮುಚ್ಚಿ ನಂಬಿದ್ದು ಒಂದನ್ನೇ. ಬೆಳಗ್ಗೆ ಗಂಡ ಓದುತ್ತಿದ್ದ ವೇದಪುಸ್ತಕವನ್ನು, ಅಂದರೆ ಬೈಬಲ್ಲನ್ನು.

ಗಂಡ ಒಂದು ಗೋದಾಮಿನ ರಾತ್ರಿ ಕಾವಲುಗಾರ. ಬೆಳಕು ಹರಿಯುವ ಹೊತ್ತಿಗೆ ಮನೆಗೆ ಬರುತ್ತಿದ್ದ. ಅವನು ಬಂದ ಸ್ವಲ್ಪ ಹೊತ್ತಿಗೆ ಇವಳು ಕೆಲಸಕ್ಕೆ ಹೊರಡಬೇಕು. ಸಂಜೆ ಇವಳು ಬರುವಷ್ಟರಲ್ಲಿ ಅವನು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದ. ಹಾಗಾಗಿ ಅವರ ಸಂಸಾರ ಅಂದರೆ ಬೆಳಗಿನ ಆ ಸ್ವಲ್ಪ ಹೊತ್ತು. ಇವಳು ಟೀ ಕುದಿಸುತ್ತಾ, ತಲೆ ಬಾಚಿಕೊಳ್ಳುತ್ತಾ, ಊಟದ ಡಬ್ಬಿ ಕಟ್ಟುತ್ತಾ ಓಡಾಡುತ್ತಿದ್ದಳು. ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಓದುತ್ತಿದ್ದ. ಅವನು ಮಾತುಗಾರನಲ್ಲ. ಆ ಓದೇ ಅವನ ಮಾತು.

ಇವಳು ಕಲಿತದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದುತ್ತಾಳೆ, ಅಷ್ಟೇ. ವೇದಪುಸ್ತಕದ ಸಣ್ಣ ಅಕ್ಷರ ನೋಡಿದರೆ ಇರುವೆ ಸಾಲು ಕಂಡ ಹಾಗೆ ಆಗುತ್ತಿತ್ತು. ಆದರೂ ನಂಬಿದ್ದಳು, ಅದಕ್ಕೊಂದು ಕಾರಣವಿತ್ತು. ಅವನು ಆರಿಸಿ ಓದುತ್ತಿರಲಿಲ್ಲ. ನಿನ್ನೆ ಬಿಟ್ಟಲ್ಲಿಂದ ಇವತ್ತು. ಯುದ್ಧ ಬಂದರೆ ಯುದ್ಧ, ಹೆಸರುಗಳ ಸಾಲು ಬಂದರೆ ಹೆಸರುಗಳ ಸಾಲು. ಅಂಥ ಓದಿನಲ್ಲಿ ಬೇಕಾದ ದಿವಸ ಬೇಕಾದ ಮಾತು ಬಂದರೆ ಅದು ಯಾರೋ ಹುಡುಕಿ ತೋರಿಸಿದ್ದಲ್ಲ. ಮೇಲಿನವನೇ ಕಳಿಸಿದ್ದು. ಅದನ್ನು ಹಿಡಿದುಕೊಂಡು ಆ ದಿವಸ ತಳ್ಳಬಹುದು.

ಅಂಥದ್ದೇ ಒಂದು ಮಾತಿನ ಮೇಲೆ ಅವಳ ಮನೆಗೆ ಅತ್ತೆ ಬಂದು ಕೂತಿದ್ದಳು.

ಅತ್ತೆ ಸಾಮಾನ್ಯ ಹೆಂಗಸಲ್ಲ. ಇವಳಿಗೆ ಮಕ್ಕಳಾಗಲಿಲ್ಲ. ಒಂದು ಸಲ ಮನೆ ತುಂಬ ನೆಂಟರಿದ್ದಾಗ ಅತ್ತೆ ಎಲ್ಲರಿಗೂ ಕೇಳುವ ಹಾಗೆ, "ನನ್ನ ಮಗ ಒಂದು ಬೀರು ತಂದ. ಒಳಗೆ ಏನೂ ಇಲ್ಲ" ಅಂದಿದ್ದಳು. ಕೆಲವರು ನಕ್ಕರು. ಇವಳು ಲೋಟ ತೊಳೆಯುತ್ತಾ ನಿಂತಿದ್ದಳು. ಆ ನಗು ಅವಳ ಕಿವಿಯಿಂದ ಯಾವತ್ತೂ ಇಳಿಯಲಿಲ್ಲ. ಅಂಥ ಅತ್ತೆಯನ್ನು ನಾದಿನಿ, ಅಂದರೆ ಗಂಡನ ತಂಗಿ, ಒಂದು ಸಂಜೆ ಕರೆತಂದು, "ಎರಡು ದಿನ ಇರಲಿ ಅತ್ತಿಗೆ, ನಮ್ಮನೇಲಿ ಜಾಗ ಸಾಲದು" ಅಂದು ಬಿಟ್ಟು ಹೋದಳು. ಬ್ಯಾಗಿನ ದಪ್ಪ ನೋಡಿದರೆ ಅದು ಎರಡು ದಿನದ ಬ್ಯಾಗಲ್ಲ.

ಗಂಡ ಡ್ಯೂಟಿಗೆ ಹೊರಟಿದ್ದ. ಇವಳು ಬಾಗಿಲಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದಳು. "ಬೆಳಗ್ಗೆ ಬರೋವಾಗ ಒಂದು ದಾರಿ ಹುಡುಕಿಕೊಂಡು ಬನ್ನಿ. ಆ ಯಮ್ಮ ಇಲ್ಲಿರೋದಾದ್ರೆ ನಾನಿರಲ್ಲ."

ಅವನು ತಲೆ ಆಡಿಸಿ ಹೋದ.

ಬೆಳಗ್ಗೆ ಬಂದ. ಟೋಪಿ ತೆಗೆದ. ದಾರಿಯ ಸುದ್ದಿ ಎತ್ತಲಿಲ್ಲ. ಸ್ಟೂಲಿನ ಮೇಲೆ ಕೂತು ಪುಸ್ತಕ ಬಿಚ್ಚಿ ಎಂದಿನಂತೆ ಓದಿದ. ನಡುವೆ ಒಂದು ಕಡೆ ದನಿ ಇಳಿಸಿ, ನಿಧಾನವಾಗಿ ಓದಿದ. "ಮೂಲೆಯಲ್ಲಿ ಕೂತ ಮುದುಕಿಯನ್ನು ಎಬ್ಬಿಸಬೇಡ. ಅವಳು ಕೂತಲ್ಲಿ ನಾನೂ ಕೂತಿದ್ದೇನೆ."

ಇವಳ ಕೈಯಲ್ಲಿದ್ದ ಬಾಚಣಿಗೆ ನಿಂತಿತು. "ಇನ್ನೊಂದು ಸಲ ಓದಿ" ಅಂದಳು. ಓದಿದ. ಹಾಗೇ ಇತ್ತು.

ಅತ್ತೆ ಅವತ್ತು ಉಳಿದವಳು ವರ್ಷಗಟ್ಟಲೆ ಉಳಿದಳು. ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಕಣ್ಣು ಮಬ್ಬಾಯಿತು. ಇವಳು ಎತ್ತಿದಳು, ಕೂರಿಸಿದಳು, ಬಟ್ಟೆ ಬದಲಿಸಿದಳು. ಪ್ರೀತಿಯಿಂದ ಮಾಡಿದಳೆಂದರೆ ಸುಳ್ಳು. ಹಲ್ಲು ಕಚ್ಚಿ ಮಾಡಿದಳು. ಪಕ್ಕದಲ್ಲಿ ಕರ್ತನೇ ಕೂತಿದ್ದಾನೆ ಅಂದಮೇಲೆ ಮಾಡದೆ ಏನು ಮಾಡುವುದು.

ಒಂದು ಬೆಳಗ್ಗೆ ಗಂಡ ಬರುವ ಹೊತ್ತಿಗೆ ಅವನ ಟಾರ್ಚು ಬಂತು. ಹಗಲು ಪಾಳಿಯ ಕಾವಲುಗಾರ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟಿದ್ದರಂತೆ. ಟೀ ಕುದಿದು ಒಲೆಯ ಮೇಲೆ ಚೆಲ್ಲಿತು. ಅದನ್ನು ಒರೆಸಿ ಇವಳು ಆಮೇಲೆ ಅಳಲಿಕ್ಕೆ ಕೂತಳು.

ಮಣ್ಣು ಮಾಡಿ ಬಂದ ಮಾರನೆಯ ಬೆಳಗ್ಗೆ ಒಳಕೋಣೆಯಿಂದ ಅತ್ತೆ ಕೂಗಿದಳು. "ಇವತ್ತು ಯಾಕೆ ಓದು ಕೇಳಿಸ್ತಿಲ್ಲ?"

"ಓದೋರು ಹೋದರಲ್ಲ ಅತ್ತೆ."

"ಪುಸ್ತಕ ಹೋಗಿಲ್ವಲ್ಲ."

ಎಂಥ ಕಲ್ಲು ಈ ಮುದುಕಿ ಅನ್ನಿಸಿತು ಇವಳಿಗೆ. ಆದರೆ ಮಗ ಸತ್ತಾಗಿನಿಂದ ಆಕೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ನೀರು ಬೇಕು ಅಂತ ಕೂಡ ಕೇಳಿರಲಿಲ್ಲ. ಕೇಳಿದ್ದು ಇದೊಂದನ್ನೇ. ಇವಳು ಪುಸ್ತಕ ತಂದು ಮಂಚದ ಪಕ್ಕ ಕೂತು ಬೆರಳಿಟ್ಟು ಓದಲು ಶುರುಮಾಡಿದಳು. ಒತ್ತಕ್ಷರ ಬಂದ ಕಡೆಯೆಲ್ಲ ಕಲ್ಲು ಎಡವಿದ ಹಾಗೆ ಎಡವಿದಳು. ನಾಲ್ಕು ಸಾಲಿಗೆ ಬೆವರು ಬಂತು.

"ಪರವಾಗಿಲ್ಲ" ಅಂದಳು ಅತ್ತೆ. "ನೀನು ಇದ್ದದ್ದನ್ನ ಓದ್ತೀಯ. ಅವನು ಹಾಗಲ್ಲ."

"ಹಾಗಲ್ಲ ಅಂದ್ರೆ?"

"ಸೇರಿಸೋನು. ಚಿಕ್ಕಂದಿನಿಂದ ಅದೇ ಬುದ್ಧಿ. ಸಂಜೆ ಅವರಪ್ಪ ಅವನ ಕೈಲಿ ಓದಿಸೋರು. ಒಂದು ದಿನ, ವಾರದ ಕೊನೇಲಿ ಗಂಡುಮಕ್ಕಳಿಗೆ ತಲೆಗೆ ನೀರು ಹಾಕಬಾರದು ಅಂತ ಕರ್ತನು ನುಡಿದನು, ಅಂತ ಓದಿದ. ಮುಖ ನೋಡಿದ್ರೆ ಪ್ರವಾದಿ ಥರ. ಅವರಪ್ಪ ಪುಸ್ತಕ ಕಿತ್ತುಕೊಂಡು ನೋಡಿ ಬೆನ್ನಿಗೆ ಎರಡು ಬಿಟ್ಟರು." ಅತ್ತೆಗೆ ನಗು ಬಂತು, ನಗುತ್ತಲೇ ಅಳು ಬಂತು.

ಇವಳು ನಗಲಿಲ್ಲ, ಅಳಲಿಲ್ಲ. "ಇಲ್ಲೂ ಸೇರಿಸ್ತಿದ್ರಾ ಅತ್ತೆ? ನಮ್ಮನೇಲಿ?"

"ನನಗೇನು ಗೊತ್ತು. ನನಗೆ ಇಲ್ಲಿಗೆ ಕೇಳಿಸ್ತಿದ್ದದ್ದು ಗುಂಯ್‌ಗುಟ್ಟೋದು ಅಷ್ಟೇ. ಮಾತು ಕೇಳಿಸ್ತಿರಲಿಲ್ಲ."

ಅವತ್ತಿನಿಂದ ಗುಮಾನಿ ಮನೆಯೊಳಗೇ ಬಂತು. ಹೊದಿಕೆಗೆ ತೇಪೆ ಹಾಕುತ್ತಿದ್ದರೆ ಸೂಜಿ ಓಡುತ್ತಿತ್ತು, ತಲೆ ಬೇರೆ ಕಡೆ ಓಡುತ್ತಿತ್ತು. ದಾರಿ ಹುಡುಕಿಕೊಂಡು ಬನ್ನಿ ಅಂದಿದ್ದೆ. ರಾತ್ರಿಯೆಲ್ಲ ಕೂತು ಹುಡುಕಿದ್ದು ಈ ದಾರಿಯೋ? ಹೆಂಡತಿ ಗಂಡನ ಮಾತು ಕೇಳುವುದಿಲ್ಲ, ದೇವರ ಮಾತಾದರೆ ಕೇಳುತ್ತಾಳೆ ಅಂತ ಲೆಕ್ಕ ಹಾಕಿದನೋ? ಹಾಗಿದ್ದರೆ ಇಷ್ಟು ವರ್ಷ ನಾನು ಎತ್ತಿ ಇಳಿಸಿದ್ದು ಯಾರಿಗಾಗಿ?

ಸತ್ತವನನ್ನು ನೆನೆದು ಅಳಬೇಕು ಅಂತ ಕೂತರೆ ಮೊದಲು ಸಿಟ್ಟು ಬರುತ್ತಿತ್ತು. ಸಿಟ್ಟು ಮುಗಿಯುವವರೆಗೆ ಅಳು ಬಾಗಿಲಲ್ಲಿ ಕಾಯುತ್ತಿತ್ತು.

ಇಸ್ತ್ರಿ ಮಾಡುವ ಗೆಳತಿಗೆ ಹೇಳಿದಳು. ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಇವಳನ್ನೇ ನೋಡಿದಳು. "ಗಂಡ ಸತ್ತಮೇಲೆ ಅವನ ಜೇಬು ತಡಕೋರನ್ನ ಕಂಡಿದೀನಿ. ಅವನು ಓದಿದ ದೇವರ ಮಾತು ತಪಾಸಣೆ ಮಾಡೋಳು ನೀನೊಬ್ಬಳೇ ಕಣೆ."

"ಜೇಬು ಮೊದಲೇ ನೋಡಿದೆ. ಏನೂ ಇರಲಿಲ್ಲ."

"ಸಿಕ್ಕರೆ ಏನು ಮಾಡ್ತೀಯ, ಆ ಮಾತು?"

"ಸಿಕ್ಕರೆ ಅತ್ತೆ ಇರ್ತಾಳೆ. ಸಿಗದಿದ್ರೆ ಮಗಳ ಮನೆಗೆ ಹೋಗ್ತಾಳೆ."

ಅದು ಬರೀ ಬಾಯಿಮಾತಾಗಿರಲಿಲ್ಲ. ನಾದಿನಿ ಆ ವಾರವೇ ಫೋನ್ ಮಾಡಿದ್ದಳು. "ಅಣ್ಣನೇ ಇಲ್ಲ ಅಂದಮೇಲೆ ನಿಮಗ್ಯಾಕೆ ಈ ಕಷ್ಟ ಅತ್ತಿಗೆ. ಈಗ ನಮ್ಮನೆ ದೊಡ್ಡದು. ಹೇಳಿದ ದಿನ ಬಂದು ಅಮ್ಮನ್ನ ಕರ್ಕೊಂಡು ಹೋಗ್ತೀನಿ." ಮಾತು ಬೆಣ್ಣೆ ಸವರಿದ ಹಾಗಿತ್ತು. ಇಷ್ಟು ವರ್ಷ ಇಲ್ಲದ ಮಮತೆ ಈಗೆಲ್ಲಿಂದ ಬಂತು ಅಂತ ಇವಳಿಗೆ ಅದರ ಮೇಲೂ ಗುಮಾನಿ. ಆದರೆ ಬಾಗಿಲು ತೆರೆದಿದ್ದು ನಿಜ. "ಸ್ವಲ್ಪ ತಾಳು, ಹೇಳ್ತೀನಿ" ಅಂದಿದ್ದಳು.

ಮೊದಲು ಪಾದ್ರಿಯ ಹತ್ತಿರ ಹೋದಳು. ಚರ್ಚಿನ ಪಕ್ಕದ ಸಣ್ಣ ಕೋಣೆಯಲ್ಲಿ ಅವರು ಮುರಿದ ಬೆಂಚಿಗೆ ಮೊಳೆ ಹೊಡೆಯುತ್ತಿದ್ದರು. ಮಾತು ಹೇಳಿದಳು. ಅವರು ಸುತ್ತಿಗೆ ಕೆಳಗಿಟ್ಟು ಯೋಚಿಸಿದರು. ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಎರಡು ಮೂರು ಕಡೆ ತಿರುವಿದರು.

"ಹೀಗೇ ಎಲ್ಲೂ ಇಲ್ಲಮ್ಮ ಅನ್ನಿಸುತ್ತೆ. ಆದರೆ ಭಾವ ಇದೆ. ಮುದುಕರ ಮುಂದೆ ಎದ್ದು ನಿಲ್ಲಬೇಕು ಅಂತಿದೆ. ವಿಧವೆಯರನ್ನ ನೋಡಿಕೋಬೇಕು ಅಂತಿದೆ. ಬಡವರಿಗೆ ಮಾಡಿದ್ದು ತನಗೇ ಮಾಡಿದ ಹಾಗೆ ಅಂತ ಕರ್ತನೇ ಹೇಳಿದಾನೆ."

"ಭಾವ ಬೇಡ ಅಯ್ಯನವರೇ. ಎರಡು ಗಜ ಬಟ್ಟೆ ಕೇಳಿದೋರಿಗೆ ಒಂದೂವರೆ ಕೊಟ್ಟು, ಎರಡು ಗಜದ ಭಾವ ಇದೆ ಅಂದ್ರೆ ಆಗುತ್ತಾ?"

ಪಾದ್ರಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು. "ವೇದ ಬರೆದೋರೂ ಮನುಷ್ಯರೇ ಅಮ್ಮ. ಕುರಿ ಕಾಯೋರು, ಮೀನು ಹಿಡಿಯೋರು. ದೇವರು ಅವರೊಳಗೆ ಉಸಿರು ಊದಿ ಬರೆಸಿದ ಅಂತ ನಾವು ನಂಬ್ತೀವಿ. ಅವತ್ತು ನಿಮ್ಮ ಯಜಮಾನರ ಬಾಯಿಂದಲೂ ಹಾಗೇ ಹೇಳಿಸಿರಬಹುದಲ್ಲ."

"ಹಾಗಾದ್ರೆ ನಾಳೆ ನಾನೂ ಪುಸ್ತಕ ಹಿಡ್ಕೊಂಡು ನನಗೆ ಬೇಕಾದ್ದು ಓದಿ, ದೇವರು ಹೇಳಿಸಿದ ಅಂತೀನಿ. ಒಪ್ತೀರಾ?"

ಪಾದ್ರಿ ಮೊಳೆ ಡಬ್ಬಿ ನೋಡಿದರು. "ಒಪ್ಪಲ್ಲ" ಅಂದರು.

"ಅವರದ್ದು ಮಾತ್ರ ಯಾಕೆ ಒಪ್ಪಬೇಕು?"

ಅದು ತಮಗೂ ಗೊತ್ತಿಲ್ಲ ಅಂತ ಒಪ್ಪಿಕೊಂಡರು, ಅದಕ್ಕೆ ಇವಳಿಗೆ ಅವರ ಮೇಲೆ ಸ್ವಲ್ಪ ಗೌರವ ಬಂತು. ಹೊರಡುವಾಗ ಹೇಳಿದರು. "ನನಗೂ ಪೂರ್ತಿ ಪುಸ್ತಕ ಬಾಯಿಪಾಠ ಇಲ್ಲಮ್ಮ. ನೀವೇ ಓದಿ ನೋಡಿ. ನಿಮ್ಮ ಕಣ್ಣಿಗೆ ಬೀಳಬಹುದು."

ಹೀಗೆ ಅವಳ ಓದು ಶುರುವಾಯಿತು. ಭಕ್ತಿಯಿಂದ ಓದುವವರಿದ್ದಾರೆ, ಸಮಾಧಾನಕ್ಕೆ ಓದುವವರಿದ್ದಾರೆ. ಇವಳು ಓದಲು ಹಿಡಿದದ್ದು ಕಳ್ಳನನ್ನು ಹಿಡಿಯುವವಳ ಹಾಗೆ. ಬೆಳಗ್ಗೆ ಬೇಗ ಎದ್ದು, ಟೀ ಹಾಕಿಕೊಂಡು, ಅತ್ತೆಯ ಮಂಚದ ಪಕ್ಕ ಕೂತು, ಮೊದಲ ಪುಟದಿಂದ ಬೆರಳಿಟ್ಟು. ದಿನ ಕಳೆದ ಹಾಗೆ ಬೆರಳಿನ ನಡಿಗೆ ಚುರುಕಾಯಿತು.

ಅತ್ತೆಯನ್ನು ಪಕ್ಕದಲ್ಲಿ ಇಟ್ಟುಕೊಂಡದ್ದಕ್ಕೂ ಕಾರಣವಿತ್ತು. ಮುದುಕಿ ಶಾಲೆ ಕಂಡವಳಲ್ಲ. ಆದರೆ ತನ್ನ ಗಂಡ ಬದುಕಿರುವವರೆಗೆ ಪ್ರತಿ ಸಂಜೆ ಓದು ಕೇಳಿ ಕೇಳಿ ಪುಸ್ತಕ ಕಿವಿಗೆ ಹತ್ತಿತ್ತು. ಇವಳು ಒಂದು ಸಾಲು ಹಾರಿಸಿದರೆ, "ನಡುವೆ ಏನೋ ಬಿಟ್ಟೆ" ಅನ್ನುತ್ತಿದ್ದಳು. ನೋಡಿದರೆ ಬಿಟ್ಟಿರುತ್ತಿತ್ತು. ಹುಡುಕುತ್ತಿರುವುದು ಏನು ಅಂತ ಇವಳು ಹೇಳಲಿಲ್ಲ. ಹೇಳಿದರೆ ಮುದುಕಿ ಅದು ಎಲ್ಲೋ ಇದೆ ಅಂದುಬಿಟ್ಟರೆ?

ಅತ್ತೆ ಸೊಸೆ ಇಬ್ಬರೂ ವಿಧವೆಯರಾಗಿ ಒಟ್ಟಿಗೆ ನಡೆದುಹೋದ ಕಥೆ ಬಂತು. ಇವಳು ಮೂಗು ಮುರಿದಳು. "ನೋಡಿ ಅತ್ತೆ, ಎಂಥ ಅತ್ತೆ. ನನ್ನ ಹಿಂದೆ ಬರಬೇಡ, ನಿನ್ನ ತವರಿಗೆ ಹೋಗು ಅಂತ ಅವಳೇ ಹೇಳ್ತಾಳೆ."

"ಅವಳಿಗೆ ನಡೆಯೋಕೆ ಕಾಲಿತ್ತು, ಹೇಳಿದಳು" ಅಂದಳು ಅತ್ತೆ. "ನಾನು ನಿನಗೆ ಹೋಗು ಅಂದ್ರೆ ನನ್ನನ್ನ ಬಚ್ಚಲಿಗೆ ಕರ್ಕೊಂಡು ಹೋಗೋರ್ಯಾರು?"

ನ್ಯಾಯಾಧೀಶನ ಬೆನ್ನು ಬಿಡದೆ ಕಾಡಿ ಕಾಡಿ ನ್ಯಾಯ ಪಡೆದ ವಿಧವೆಯ ಕಥೆ ಬಂತು. "ಇವಳು ನಮ್ಮೋಳು" ಅಂದಳು ಇವಳು. ಅವತ್ತು ಕೆಲಸಕ್ಕೆ ಹೋದಾಗ ಅದು ತಲೆಯಲ್ಲೇ ಇತ್ತು. ಸ್ಟೋರಿನವನು ಗಟ್ಟಿ ದಾರ ಇಲ್ಲ ಅಂತ ದಿನ ದೂಡುತ್ತಿದ್ದ. ಅವನ ಮೇಜಿನ ಮುಂದೆ ಹೋಗಿ ನಿಂತಳು. ಊಟಕ್ಕೆ ಹೋಗಿ ಬಂದ, ನಿಂತಿದ್ದಳು. ಫೋನಿನಲ್ಲಿ ಮಾತಾಡಿದ, ನಿಂತಿದ್ದಳು. ಸಂಜೆಗೆ ದಾರ ಸಿಕ್ಕಿತು. ಮನೆಗೆ ಬರುವಾಗ ಬಸ್ಸಿನಲ್ಲಿ ಅವಳಿಗೆ ಅನ್ನಿಸಿತು, ಇದನ್ನು ಯಾರೂ ತನಗೆ ಓದಿ ಹೇಳಿದ್ದಲ್ಲ. ತಾನೇ ಬೆರಳಿಟ್ಟು ತೆಗೆದದ್ದು. ಹಾಗಾಗಿ ಇದರ ಮೇಲೆ ಗುಮಾನಿ ಬರಲಿಲ್ಲ.

ಹೀಗೆ ಬೆಳಗ್ಗೆ ಓದಿದ್ದು ಸಂಜೆಯವರೆಗೆ ಜೊತೆಗಿರುವುದು ಅಭ್ಯಾಸವಾಯಿತು. ಒಂದೊಂದು ದಿನ ಸಾಲಿನ ಕೊನೆಯಲ್ಲಿ ಅವನು ದನಿ ಎತ್ತುತ್ತಿದ್ದ ರೀತಿ ಇವಳ ಬಾಯಲ್ಲೇ ಬಂದುಬಿಡುತ್ತಿತ್ತು. ಆಗ ಓದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ, "ಹೂಂ, ಮುಂದೆ" ಅನ್ನುತ್ತಿದ್ದಳು.

ಒಂದು ಕಡೆ, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು, ಬಾಯಿ ಮುಚ್ಚಿಕೊಂಡು ಕಲಿಯಬೇಕು ಅನ್ನುವ ಅರ್ಥದ ಮಾತು ಬಂತು. ಇವಳು ಎರಡು ಸಲ ಓದಿದಳು. "ಇದನ್ನ ಅವರು ಯಾವತ್ತೂ ಓದಿದ ನೆನಪಿಲ್ಲ ಅತ್ತೆ. ನಿನ್ನೆ ಬಿಟ್ಟಲ್ಲಿಂದ ಇವತ್ತು ಅನ್ನೋರು. ಇದು ಎಲ್ಲಿ ಹೋಯ್ತು?"

"ಓದಿದ್ರೆ ನೀನು ಟೀ ಕೊಡ್ತಿದ್ಯಾ?"

ಇವಳಿಗೆ ನಗು ತಡೆಯಲಾಗಲಿಲ್ಲ. ಗಂಡ ಹೋದಮೇಲೆ ಅವಳು ನಕ್ಕದ್ದು ಅದೇ ಮೊದಲು. ಆದರೆ ಬಸ್ಸು ಹತ್ತುವಷ್ಟರಲ್ಲಿ ನಗು ಇಂಗಿತು. ಸೇರಿಸುವವನು ಅಂತ ಮೊದಲೇ ಗೊತ್ತಾಗಿತ್ತು. ಈಗ ಬಿಡುವವನು ಅಂತಲೂ ಆಯಿತು. ತನಗೆ ಲಾಭದ ಮಾತನ್ನೇ ಬಿಟ್ಟ, ಸರಿ. ಇನ್ನೂ ಏನೇನು ಬಿಟ್ಟನೋ. ಇಷ್ಟು ವರ್ಷ ತಾನು ಕೇಳಿದ್ದು ದೇವರ ಮಾತೆಷ್ಟು, ಅವನ ಮಾತೆಷ್ಟು? ಹಾಲು ಯಾವುದು, ನೀರು ಯಾವುದು?

ಕೊನೆಗೆ ಕೊನೆಯ ಪುಟವೂ ಬಂತು. ಮುಗಿಸಿದಳು. ಮೂಲೆಯ ಮುದುಕಿ ಎಲ್ಲೂ ಸಿಗಲಿಲ್ಲ.

ಮಾರನೆಯ ದಿನ ಕೆಲಸಕ್ಕೆ ಹೋಗಿ ಬಂದಳು. ಅಡುಗೆ ಮಾಡಿದಳು. ಅತ್ತೆಗೆ ತಟ್ಟೆ ಕೊಟ್ಟಳು. ಒಂದು ಅನುಮಾನ ಉಳಿದಿತ್ತು. ತನ್ನ ಓದು ಕುಂಟು ಓದು, ಎಲ್ಲಾದರೂ ತಪ್ಪಿ ಹೋಗಿರಬಹುದು. ಈ ಪುಸ್ತಕ ಕಿವಿಯಲ್ಲಿರುವವಳು ಮನೆಯಲ್ಲೇ ಇದ್ದಾಳೆ. ಆದರೆ ಅವಳನ್ನು ಕೇಳುವುದು ಅಂದರೆ, ನಿನ್ನನ್ನು ಇಟ್ಟುಕೊಳ್ಳಲೋ ಬೇಡವೋ ಅಂತ ನಿನ್ನನ್ನೇ ಕೇಳಿದ ಹಾಗೆ. ಯಾರು ತಾನೇ ತಮ್ಮ ತಲೆ ಮೇಲಿನ ಸೂರು ತಾವೇ ಕಿತ್ತುಕೊಳ್ಳುತ್ತಾರೆ?

ಆದರೂ ಕೇಳಿದಳು. ಕೇಳುವಾಗ ಮುದುಕಿಯ ಮುಖವನ್ನೇ ನೋಡುತ್ತಿದ್ದಳು. "ಅತ್ತೆ, ಹೀಗೊಂದು ಮಾತಿದೆಯಾ? ಮೂಲೆಯಲ್ಲಿ ಕೂತ ಮುದುಕಿಯನ್ನು ಎಬ್ಬಿಸಬೇಡ, ಅವಳು ಕೂತಲ್ಲಿ ನಾನೂ ಕೂತಿದ್ದೇನೆ."

ಅತ್ತೆಯ ಬಾಯಲ್ಲೇ ತುತ್ತು ನಿಂತಿತು. ನಿಧಾನವಾಗಿ ಅಗಿದು ನುಂಗಿದಳು. "ಯಾರು ಓದಿದ್ದು ಇದನ್ನ?"

"ಅವರು. ನೀವು ಬಂದ ಮಾರನೇ ದಿನ ಬೆಳಗ್ಗೆ."

ಮುದುಕಿ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಳು. ಮಬ್ಬುಗಣ್ಣು ಎಲ್ಲಿ ನೋಡುತ್ತಿತ್ತೋ ಗೊತ್ತಿಲ್ಲ. "ಅದನ್ನ ಕೇಳಿ ನನ್ನನ್ನ ಇಟ್ಕೊಂಡ್ಯಾ?"

"ಹೌದು. ಇಲ್ಲದಿದ್ರೆ ಇಟ್ಕೊಳ್ತಿರಲಿಲ್ಲ."

"ಗೊತ್ತು. ನಾನಾಗಿದ್ರೂ ಇಟ್ಕೊಳ್ತಿರಲಿಲ್ಲ." ಬೆರಳಾಡಿಸುವುದು ನಿಲ್ಲಿಸಿ ಅಂದಳು. "ಅದು ಪುಸ್ತಕದಲ್ಲಿಲ್ಲ. ಅವನದ್ದೇ."

"ಖಂಡಿತಾನಾ?"

"ಮೂಲೆ ಅನ್ನೋದು ಅವನ ಮಾತು. ನಾನು ಅವನಿಗೆ ಬೈಯೋವಾಗ ಮೂಲೆಗೆ ಹೋಗಿ ಕೂತ್ಕೋ ಅಂತಿದ್ದೆ. ಕೂತಿರೋನು." ತಟ್ಟೆ ಪಕ್ಕಕ್ಕೆ ಸರಿಸಿದಳು. "ಫೋನ್ ಮಾಡು ಮಗಳಿಗೆ. ಬರಲಿ. ಸುಳ್ಳಿನ ಮೇಲೆ ಕೂತು ನಾನು ಅನ್ನ ತಿನ್ನಲ್ಲ."

ಇವಳು ತಟ್ಟೆ ತೊಳೆಯುತ್ತಾ ನಿಂತಳು. ಹಿಡಿದದ್ದಾಯಿತು ಕಳ್ಳನನ್ನು. ಖುಷಿ ಆಗಲಿಲ್ಲ. ಬದಲಿಗೆ ಹೊಸ ಗುಮಾನಿ. ಇದೆ ಅಂತ ಒಂದು ಮಾತು ಹೇಳಿದ್ದರೆ ಮುದುಕಿಯ ಜಾಗ ಗಟ್ಟಿಯಾಗುತ್ತಿತ್ತು. ಯಾಕೆ ಹೇಳಲಿಲ್ಲ? ಹೀಗೆ ನೇರ ನಡೆದರೆ ಸೊಸೆ ಕರಗುತ್ತಾಳೆ ಅನ್ನುವ ಲೆಕ್ಕವೋ? ಮಗನಿಗೆ ಆ ಬುದ್ಧಿ ಎಲ್ಲಿಂದಲಾದರೂ ಬಂದಿರಬೇಕಲ್ಲ. ಹಾಗಂದುಕೊಂಡು ಅವಳು ಅವತ್ತೇ ನಾದಿನಿಗೆ ಫೋನ್ ಮಾಡಿದಳು. ತಡ ಮಾಡಿದರೆ ಕರಗಿಬಿಟ್ಟೇನು ಅಂತ ತನ್ನ ಮೇಲೇ ಅವಳಿಗೆ ಗುಮಾನಿ.

ಕಾಯುವ ದಿನಗಳಲ್ಲೂ ಬೆಳಗಿನ ಓದು ನಿಲ್ಲಲಿಲ್ಲ. ಮುಗಿದ ಪುಸ್ತಕವನ್ನು ಇವಳು ಮೊದಲಿನಿಂದ ಮತ್ತೆ ಹಿಡಿದಿದ್ದಳು. ಯಾಕೆ ಅಂತ ಅತ್ತೆ ಕೇಳಲಿಲ್ಲ. ಓದಿ ಮುಗಿಸಿದ ಮೇಲೆ ಅತ್ತೆಯ ಬಟ್ಟೆಗಳನ್ನು ಒಂದೊಂದಾಗಿ ನೋಡಿ, ಸಡಿಲವಾದ ಗುಂಡಿ ಗಟ್ಟಿ ಮಾಡಿ, ಬ್ಯಾಗಿಗೆ ಹಾಕುತ್ತಿದ್ದಳು.

"ಗುಂಡಿ ಯಾಕೆ ಹೊಲೀತೀಯ, ಅವಳ ಮನೇಲಿ ಸೂಜಿ ಇಲ್ವಾ?" ಅಂದಳು ಅತ್ತೆ.

"ಅತ್ತಿಗೆ ಹರಕು ಬಟ್ಟೇಲಿ ಕಳಿಸಿದಳು ಅಂತ ಅವಳು ಊರೆಲ್ಲ ಸಾರೋದು ಬೇಡ."

"ಸಾರ್ತಾಳೆ. ಹೊಲಿದ್ರೂ ಸಾರ್ತಾಳೆ."

ರಜೆಯ ದಿನ ಬೆಳಗ್ಗೆ ನಾದಿನಿ ಬಂದಳು. ಕಾರಿನ ಡ್ರೈವರು ಹೊರಗೆ ಇಂಜಿನ್ ನಿಲ್ಲಿಸದೆ ಕಾಯುತ್ತಿದ್ದ. ಅವಳು ಅಣ್ಣನ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡಳು, ಟೀ ಕುಡಿದಳು, ಗಡಿಯಾರ ನೋಡಿದಳು. ಅತ್ತೆಗೆ ಶಾಲು ಹೊದಿಸಿ ಕೂರಿಸಿದ್ದಾಯಿತು. ಬ್ಯಾಗು ಬಾಗಿಲ ಹತ್ತಿರ ಹೋಯಿತು.

"ಅತ್ತಿಗೆ, ಹೊರಡೋ ಮುಂಚೆ ಒಂದು ವಚನ ಓದಿ" ಅಂದಳು ನಾದಿನಿ. "ಈಗ ನೀವೇ ದಿನಾ ಓದ್ತೀರಂತೆ, ಅಮ್ಮ ಫೋನಲ್ಲಿ ಹೇಳಿದಳು. ಅಣ್ಣ ಇದ್ದಿದ್ರೆ ಓದೋನು."

ಇವಳು ಪುಸ್ತಕ ತಂದಳು. ನಿನ್ನೆ ಬಿಟ್ಟಲ್ಲಿಗೆ ಬಿಚ್ಚಿದಳು. ದೇವರ ಗುಡಾರಕ್ಕೆ ಪರದೆ ಹೊಲಿಯುವ ಅಧ್ಯಾಯ. ಪರದೆ ಎಷ್ಟು ಮೊಳ ಉದ್ದ, ಎಷ್ಟು ಅಗಲ, ಅಂಚಿಗೆ ಎಷ್ಟು ಕುಣಿಕೆ, ಯಾವ ಬಣ್ಣದ ದಾರ. ಹೊರಡುವವರಿಗೆ ಓದುವ ಮಾತಲ್ಲ. ಆದರೂ ಬೆರಳಿಟ್ಟು ಓದಿದಳು. ತಾಯಿ ಮಗಳು ಇಬ್ಬರೂ ತಲೆ ತಗ್ಗಿಸಿ ಕಣ್ಣು ಮುಚ್ಚಿದ್ದರು. ಅತ್ತೆಯ ಕೈ ಶಾಲಿನ ತುದಿ ಹಿಡಿದಿತ್ತು, ಗಟ್ಟಿಯಾಗಿ, ಬಸ್ಸಿನಲ್ಲಿ ಕಂಬಿ ಹಿಡಿದ ಹಾಗೆ.

ಇವಳು ಓದು ನಿಲ್ಲಿಸಿದಳು. ಮುಂದಿನ ಸಾಲಿನ ಮೇಲೆ ಬೆರಳಿತ್ತು. ಇವರಿಬ್ಬರೂ ಕಣ್ಣು ತೆರೆಯುವುದಿಲ್ಲ. ಈಗ ತಾನು ಏನು ಹೇಳಿದರೂ ಅದು ಕರ್ತನ ಮಾತಾಗುತ್ತದೆ. ಕರೆದುಕೊಂಡು ಹೋಗು ಅಂದರೆ ಹೋಗುತ್ತಾಳೆ. ಬಿಟ್ಟುಹೋಗು ಅಂದರೆ ಬಿಟ್ಟುಹೋಗುತ್ತಾಳೆ. ಇಷ್ಟು ಸುಲಭವಾ ಇದು? ಅವನೂ ಆ ಸ್ಟೂಲಿನ ಮೇಲೆ, ರಾತ್ರಿಯೆಲ್ಲ ನಿದ್ದೆಗೆಟ್ಟು, ಹೀಗೇ ಒಂದು ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ. ಹೆಂಡತಿಯ ಹತ್ತಿರ ಕೇಳಲು ಬಾಯಿ ಬರಲಿಲ್ಲ. ಕೇಳಿದ್ದರೆ ಇಲ್ಲ ಅನ್ನುತ್ತಿದ್ದಳು, ಅದೂ ಅವನಿಗೆ ಗೊತ್ತಿತ್ತು. ಹೆದರಿಕೊಂಡಿದ್ದ ಪಾಪ. ದೇವರಿಗಿಂತ ಹೆಚ್ಚು ಹೆಂಡತಿಗೇ ಹೆದರಿಕೊಂಡಿದ್ದ.

ಅವಳು ಪುಸ್ತಕ ಮುಚ್ಚಿದಳು. ಸದ್ದಾಗುವ ಹಾಗೆ ಮುಚ್ಚಿ, ಮೇಜಿನ ಮೇಲಿಟ್ಟಳು.

"ಕಣ್ಣು ಬಿಡಿ ಇಬ್ಬರೂ" ಅಂದಳು. "ಓದ್ತಿದ್ದದ್ದು ಮುಗೀತು. ಇನ್ನು ಹೇಳೋದು ನನ್ನ ಮಾತು. ಅತ್ತೆ ಇಲ್ಲೇ ಇರಲಿ."

ನಾದಿನಿ ಬಾಯಿ ತೆರೆದು ನೋಡಿದಳು. "ಏನಾಯ್ತು ಅತ್ತಿಗೆ? ನೀವೇ ತಾನೇ ಬಾ ಅಂದಿದ್ದು. ಈಗ ಓದಿದ್ರಲ್ಲಿ ಏನಾದ್ರೂ..."

"ಅದರಲ್ಲಿರೋದು ಪರದೆ ಹೊಲಿಯೋದು. ಕೇಳಿಸಿಕೊಂಡ್ಯಲ್ಲ. ದೇವರನ್ನ ಇದಕ್ಕೆ ಎಳೀಬೇಡ. ನಾನು ಹೇಳ್ತಿರೋದು, ನಾನೇ."

"ಮತ್ತೆ ಕಾರು?"

"ಟೀ ಕುಡ್ಕೊಂಡು ಹೋಗಲಿ ಡ್ರೈವರು. ಮೊದಲು ಇಂಜಿನ್ ಆರಿಸೋಕೆ ಹೇಳು."

ನಾದಿನಿಯ ಮುಖದಲ್ಲಿ ಬೇಸರ ಬಂತು, ಅದರ ಹಿಂದೆಯೇ ಬಿಡುಗಡೆಯೂ ಬಂತು. ಇವಳು ಎರಡನ್ನೂ ನೋಡಿದಳು. ನಾದಿನಿ ಹೊರಗೆ ಹೋದಳು.

ಅತ್ತೆ ಇನ್ನೂ ಶಾಲಿನ ತುದಿ ಬಿಟ್ಟಿರಲಿಲ್ಲ. ಮಬ್ಬುಗಣ್ಣನ್ನು ಕಿರಿದು ಮಾಡಿ ಸೊಸೆಯ ಕಡೆ ನೋಡಿದಳು. "ನನ್ನನ್ನ ಇಟ್ಕೊಂಡು ನಿನಗೇನು ಸಿಗುತ್ತೆ?"

"ನಾನು ಓದಿದ್ದು ಸರಿಯೋ ತಪ್ಪೋ ಹೇಳೋಕೆ ಒಬ್ಬರು ಬೇಕು. ನಿಮಗೆ ಲಾಭ ಇದ್ದಾಗಲೂ ನೀವು ಸುಳ್ಳು ಹೇಳಲಿಲ್ಲ."

"ನಾನು ಸುಳ್ಳು ಹೇಳಲಿಲ್ಲ ಅಂತ ನಿನಗೆ ಯಾರು ಹೇಳಿದ್ದು?" ಅಂದಳು ಮುದುಕಿ. "ನನಗೂ ವಯಸ್ಸಾಯ್ತು. ಆ ಮಾತು ಎಲ್ಲೋ ಇದ್ದು ನನಗೆ ಮರೆತಿರಬಹುದು."

ಇವಳು ಬ್ಯಾಗು ಎತ್ತಿಕೊಂಡು ಒಳಕೋಣೆಗೆ ಹೊರಟವಳು ಅಲ್ಲೇ ನಿಂತು ಅತ್ತೆಯ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಮುದುಕಿ ತಮಾಷೆ ಮಾಡುತ್ತಿದ್ದಾಳೋ, ಆಟ ಆಡಿಸುತ್ತಿದ್ದಾಳೋ, ನಿಜ ಹೇಳುತ್ತಿದ್ದಾಳೋ, ಒಂದೂ ಗೊತ್ತಾಗಲಿಲ್ಲ.

"ಹಾಗಾದ್ರೆ ನಾಳೆಯಿಂದ ಇನ್ನೂ ನಿಧಾನ ಓದೋಣ" ಅಂದು ಬ್ಯಾಗಿನಿಂದ ಬಟ್ಟೆ ತೆಗೆದು ಬೀರುವಿನಲ್ಲಿ ಇಡತೊಡಗಿದಳು.